ಮಾಯದ ಗಾಯಕ್ಕೆ ಕರೆಂಟು

ನನ್ನ ನೌಕರಿಯ ಮೊದಲರ್ಧದಲ್ಲಿ ಗಾಯ ಒಣಗಬೇಕು ಎಂದು ರೋಗಿಗಳಿಗೆ ಹೇಳಿದೆ. ಉಳಿದರ್ಧದಲ್ಲಿ ಗಾಯ ಒಣಗಬಾರದು, ಹಸಿಯಾಗಿಯೇ ಇರಬೇಕು ಎಂದು ಹೇಳಿದೆ. ಎರಡನ್ನೂ ಒಂದೇ ಧೈರ್ಯದಿಂದ ಹೇಳಿದೆ. ಹಾಗಾಗಿ ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು "ಸರ್, ನಿಮ್ಮ ಅನುಭವದ ಸಾರ ಹೇಳಿ" ಎಂದಾಗ ನನಗೆ ಗಲಿಬಿಲಿಯಾಗುತ್ತದೆ. ಸಾರ ಎನ್ನುವಂಥದ್ದು ನನ್ನ ಕೈಗೆ ಸಿಕ್ಕಿಲ್ಲ. ನಡೆದದ್ದನ್ನು ಹೇಳಬಲ್ಲೆ, ಅಷ್ಟೆ.

ನಾನು ಫಿಸಿಯೋಥೆರಪಿಸ್ಟ್. ಮೂಡಬಿದಿರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ವಾರದಲ್ಲಿ ಒಂದು ದಿನ ಬಂಟ್ವಾಳಕ್ಕೆ, ಒಂದು ದಿನ ಬೆಳ್ತಂಗಡಿಗೆ ಹೋಗಿ ಅಲ್ಲಿಯ ಸಣ್ಣ ಕ್ಲಿನಿಕ್ಕುಗಳಲ್ಲಿ ಕೂರುತ್ತಿದ್ದೆ. ಸೊಂಟನೋವು, ಏಳದ ಹೆಗಲು, ಲಕ್ವ ಹೊಡೆದ ಕೈ, ಬೈಕಿನಿಂದ ಬಿದ್ದು ಮುರಿದ ಕಾಲು, ಇವೇ ನಿತ್ಯದ ಕೆಲಸ. ಗಾಯ ನಮ್ಮ ಪಾಲಿನದ್ದಾಗಿರಲಿಲ್ಲ. ಹಳೆಯ ಹುಣ್ಣಿನವರನ್ನು ಡಾಕ್ಟರರು ನಮ್ಮ ಕೋಣೆಗೆ ಕಳಿಸುತ್ತಿದ್ದದ್ದು ಕೆಂಪು ದೀಪದ ಶಾಖ ಕೊಡಿಸಲಿಕ್ಕೆ ಮಾತ್ರ. ದೀಪದ ಎದುರು ಗಾಯ ಒಣಗಿ ಮೇಲೆ ಹಕ್ಕಳೆ ಕಟ್ಟಿದರೆ ರೋಗಿಗೂ ಖುಷಿ, ನಮಗೂ ಖುಷಿ. ಆಮೇಲೆ ಒಂದು ದಿನ ಹಕ್ಕಳೆಯೇ ತೊಂದರೆ, ಅದರ ಕೆಳಗೆ ಹೊಸ ಚರ್ಮ ಹರಿದಾಡಲಾರದು, ದೀಪ ನಿಲ್ಲಿಸಿ ಎಂದು ಮೇಲಿನಿಂದ ಹೇಳಿಕೆ ಬಂತು. ದೀಪವನ್ನು ಮೂಲೆಗೆ ಸರಿಸಿದೆವು. "ಹೋದ ತಿಂಗಳು ಒಣಗಿಸಿದಿರಿ, ಈ ತಿಂಗಳು ಒದ್ದೆ ಮಾಡ್ತೀರಿ. ಯಾವುದು ಸರಿ ಡಾಕ್ಟ್ರೆ?" ಎಂದು ಕೇಳಿದವರಿಗೆ "ಈಗಿನದ್ದು ಸರಿ" ಎಂದೆ.

ನಮ್ಮ ಸರ್ಜನ್ ಪ್ರಭು ಡಾಕ್ಟರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಬೆಂಗಳೂರಿನಲ್ಲಿ ಯಾವುದೋ ವೈದ್ಯರ ಸಮ್ಮೇಳನ ಮುಗಿಸಿ ಬಂದವರು ನೇರ ನನ್ನ ಕೋಣೆಗೆ ನುಗ್ಗಿದರು.

"ಶೆಟ್ರೆ, ನಿಮ್ಮ ಕರೆಂಟು ಗಾಯಕ್ಕೂ ಆಗ್ತದಂತೆ. ಗೊತ್ತುಂಟಾ?"

"ಕೇಳಿದ್ದೇನೆ ಸರ್. ಮಾಡಿಲ್ಲ."

"ಹಾಗಾದ್ರೆ ಮಾಡುವ. ಮೆಷಿನ್ ತರಿಸ್ತೇನೆ."

ಮೆಷಿನು ಬಂತು. ಅದರ ಹಿಂದಿನ ತರ್ಕ ಕೇಳಲಿಕ್ಕೆ ಚೆನ್ನಾಗಿಯೇ ಇದೆ. ನಮ್ಮ ಚರ್ಮದಲ್ಲಿ ಅತಿ ಸಣ್ಣ ವಿದ್ಯುತ್ತು ಇರುತ್ತದೆ. ಚರ್ಮ ಹರಿದಾಗ ಅದು ಗಾಯದ ಕಡೆಗೆ ಹರಿಯುತ್ತದೆ, ಆ ಹರಿವಿನ ಜಾಡು ಹಿಡಿದು ಜೀವಕೋಶಗಳು ಬಂದು ಗಾಯ ಮುಚ್ಚುತ್ತವೆ. ಬಹಳ ಕಾಲದ ಗಾಯದಲ್ಲಿ ಆ ಹರಿವು ಸೊರಗಿಹೋಗಿರುತ್ತದೆ. ಹೊರಗಿನಿಂದ ನಾವು ಸ್ವಲ್ಪ ಕೊಟ್ಟರೆ ಕೆಲಸ ಮತ್ತೆ ಶುರುವಾದೀತು. ಉಪ್ಪುನೀರಿನಲ್ಲಿ ಅದ್ದಿದ ತೆಳು ಬ್ಯಾಂಡೇಜು ಬಟ್ಟೆಯನ್ನು ಗಾಯದ ಮೇಲಿಟ್ಟು ಒಂದು ತಂತಿ ಅಲ್ಲಿಗೆ. ಅಗಲವಾದ ಇನ್ನೊಂದು ಪಟ್ಟಿ ತೊಡೆಗೆ. ಇಷ್ಟೇ ಕೆಲಸ.

ಆದರೆ ಗಾಯದ ಮೇಲೆ ಇಡಬೇಕಾದದ್ದು ಪ್ಲಸ್ಸೋ ಮೈನಸ್ಸೋ? ಮೆಷಿನಿನ ಜೊತೆ ಬಂದ ಪುಸ್ತಿಕೆ ಮೈನಸ್ ಎಂದಿತು. ನನ್ನಲ್ಲಿದ್ದ ದಪ್ಪ ಪುಸ್ತಕ ಪ್ಲಸ್ ಎಂದಿತು. ನನಗೆ ಪಾಠ ಹೇಳಿದ ಪ್ರೊಫೆಸರರಿಗೆ ಮಂಗಳೂರಿಗೆ ಫೋನು ಮಾಡಿದೆ. ಅವರು "ಸೋಂಕು ಇರುವಾಗ ಮೈನಸ್ ಇಟ್ಟು, ಆಮೇಲೆ ಪ್ಲಸ್ಸಿಗೆ ಬದಲಿಸು. ಮಾಯುವುದು ನಿಂತರೆ ಇನ್ನೊಮ್ಮೆ ಬದಲಿಸು" ಎಂದರು. ನಾನು ನನ್ನದೇ ಮುಂಗೈಗೆ ಎರಡನ್ನೂ ಇಟ್ಟು ನೋಡಿಕೊಂಡೆ. ಎರಡರಲ್ಲೂ ಇರುವೆ ಹರಿದ ಹಾಗಾಯಿತು. ವ್ಯತ್ಯಾಸವೇ ಗೊತ್ತಾಗಲಿಲ್ಲ.

ಮೊದಲ ರೋಗಿ ಸಿದ್ಧಕಟ್ಟೆಯ ಗುಲಾಬಿಯಕ್ಕ. ಬೀಡಿ ಕಟ್ಟುವವರು. ಎಡಗಾಲಿನ ಹರಡಿನ ಮೇಲೆ, ಒಳಭಾಗದಲ್ಲಿ, ಅಂಗೈಯಗಲದ ಹುಣ್ಣು. ಉಬ್ಬಿದ ರಕ್ತನಾಳದಿಂದ ಆದದ್ದು. ಮಗಳ ಮದುವೆಗೆ ಮೊದಲು ಶುರುವಾದ ಗಾಯ. ನಮ್ಮಲ್ಲಿಗೆ ಬರುವಾಗ ಆ ಮಗಳ ಮಗಳು ಶಾಲೆಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಗುಲಾಬಿಯಕ್ಕ ಹಿಂದಿನ ಬಾಗಿಲಿನ ಹತ್ತಿರ ನಿಂತೇ ಬರುತ್ತಿದ್ದರು. ಯಾಕೆಂದು ಕೇಳಿದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೂತ್ರೆ ಬದಿಯಲ್ಲಿ ಇದ್ದವರು ಎದ್ದು ಹೋಗ್ತಾರೆ ಡಾಕ್ಟ್ರೆ. ಅದಕ್ಕಿಂತ ನಾನೇ ನಿಲ್ಲುದು ಒಳ್ಳೆದಲ್ವಾ?"

ವಾಸನೆಯ ವಿಷಯ. ಅವರು ಎಷ್ಟೋ ಕಾಲದಿಂದ ಒಂದು ಮದುವೆಗೂ ಹೋಗಿರಲಿಲ್ಲ.

ಮೈನಸ್ ಇಟ್ಟು ಶುರುಮಾಡಿದೆ. ಗುಲಾಬಿಯಕ್ಕ ಮಂಚದ ಅಂಚು ಗಟ್ಟಿಯಾಗಿ ಹಿಡಿದು, "ಶಾಕ್ ಹೊಡೀಲಿಕ್ಕಿಲ್ಲ ಅಲ್ವಾ? ಇದಕ್ಕೆ ಕರೆಂಟು ಹೋದ್ರೆ ಎಂತ ಮಾಡುದು? ಅರ್ಧದಲ್ಲಿ ನಿಲ್ತದಾ?" ಎಂದರು. ಗಾಯದ ಡ್ರೆಸ್ಸಿಂಗ್ ನೋಡಿಕೊಳ್ಳುತ್ತಿದ್ದ ಮಡಂತ್ಯಾರಿನ ಲಿಲ್ಲಿ ಸಿಸ್ಟರ್ ನಗು ತಡೆಯಲಾರದೆ ಮುಖ ತಿರುಗಿಸಿದರು. ಗುಲಾಬಿಯಕ್ಕ ಹೇಳಿದ ಹೊತ್ತಿಗೇ ಕರೆಂಟು ಹೋಯಿತು. ಮೆಷಿನು ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಗುಲಾಬಿಯಕ್ಕನಿಗೆ ಮೆಷಿನಿನ ಮೇಲೆ ನಂಬಿಕೆ ಬಂದದ್ದು ಆ ಕ್ಷಣದಲ್ಲಿ ಎಂದು ನನ್ನ ಊಹೆ.

ವಾರಗಳು ಕಳೆದರೂ ಗಾಯ ಹಂದಲಿಲ್ಲ, ಇದ್ದಷ್ಟೇ ಇತ್ತು. ನಾನು ಪ್ಲಸ್ಸಿಗೆ ಬದಲಿಸಿದೆ. ಅದೇ ಸಮಯಕ್ಕೆ ಲಿಲ್ಲಿ ಸಿಸ್ಟರ್ ಹೊಸ ತರಬೇತಿ ಮುಗಿಸಿ ಬಂದು, ಪಾದದಿಂದ ಮೊಣಕಾಲಿನ ತನಕ ಬಿಗಿಯಾಗಿ ಪಟ್ಟಿ ಸುತ್ತಲು ಶುರುಮಾಡಿದರು. ಪ್ರಭು ಡಾಕ್ಟರು ಸತ್ತ ಮಾಂಸವನ್ನೆಲ್ಲ ಇನ್ನೊಮ್ಮೆ ಕೆತ್ತಿ ತೆಗೆದರು. ಮಗಳು ಬಂದು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು, ಅಲ್ಲಿ ಗುಲಾಬಿಯಕ್ಕ ಕಾಲು ಎತ್ತಿ ಮಲಗಿದರು, ದಿನಾ ಮೊಟ್ಟೆ ತಿಂದರು. ಗಾಯದ ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಸಣ್ಣಗೆ ಒಳಗೆ ಸರಿಯಲು ತೊಡಗಿತು. ಮಳೆ ನಿಲ್ಲುವಷ್ಟರಲ್ಲಿ ಹುಣ್ಣು ಮುಚ್ಚಿತು.

ಆಸ್ಪತ್ರೆಯಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ಪ್ರಭು ಡಾಕ್ಟರ ಪ್ರಕಾರ ಪ್ಲಸ್ಸು. ಲಿಲ್ಲಿ ಸಿಸ್ಟರ ಪ್ರಕಾರ ಬಿಗಿ ಪಟ್ಟಿ. ಮಗಳ ಪ್ರಕಾರ ಮೊಟ್ಟೆ. ಗುಲಾಬಿಯಕ್ಕನಿಗೆ ಅನುಮಾನವೇ ಇರಲಿಲ್ಲ: "ಎಲ್ಲ ಕರೆಂಟಿನ ಮಹಿಮೆ." ಗೊತ್ತಿಲ್ಲದೆ ಉಳಿದವನು ಮೆಷಿನು ನಡೆಸಿದ ನಾನೊಬ್ಬನೇ.

ಗುಲಾಬಿಯಕ್ಕ ಬಸ್ಸಿನಲ್ಲಿ ಕೂತು ಬರಲು ಶುರುಮಾಡಿದರು. ಕೂತವರು ಬದಿಯವರಿಗೆ ಸುದ್ದಿ ಹೇಳದೆ ಇರುತ್ತಾರೆಯೇ? ನಾನು "ಕರೆಂಟು ಡಾಕ್ಟ್ರು" ಆದೆ. ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ, ನಾನು ಹೋದ ದಿನ ಬಾಗಿಲಲ್ಲಿ ಬ್ಯಾಂಡೇಜು ಕಟ್ಟಿದ ಕಾಲುಗಳ ಸಾಲು. ಮೆಷಿನನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿಕೊಂಡು ತಿರುಗಿದೆ. ಕೆಲವರಿಗೆ ಮಾಯಿತು, ಕೆಲವರಿಗೆ ಅರ್ಧ ಮಾಯಿತು, ಕೆಲವರು ಬರುವುದನ್ನೇ ಬಿಟ್ಟರು. ಚಾರ್ಮಾಡಿಯಿಂದ ಒಬ್ಬರು ತಂದೆಯನ್ನು ಜೀಪಿನಲ್ಲಿ ಕರೆತಂದರು. ಮುದುಕರ ಕಾಲಿನ ಗಾಯ ಹೂಕೋಸಿನ ಹಾಗೆ ಉಬ್ಬಿತ್ತು. ಅದು ಬರೇ ಗಾಯವಲ್ಲ, ಕ್ಯಾನ್ಸರ್ ಇರಬಹುದು, ಅದಕ್ಕೆ ಕರೆಂಟು ಕೊಡಲೇಬಾರದು, ಪರೀಕ್ಷೆ ಆಗಬೇಕು ಎಂದೆ. ಮಗನಿಗೆ ಸಿಟ್ಟು ಬಂತು.

"ಸಿದ್ಧಕಟ್ಟೆಯವರಿಗೆ ಆಗ್ತದೆ, ಚಾರ್ಮಾಡಿಯವರಿಗೆ ಆಗೂದಿಲ್ವಾ?" ಎಂದರು. ಮುದುಕರು ಮಾತ್ರ ಮಗನ ತೋಳು ಹಿಡಿದು, "ಬಾ, ಅವರು ಆಗೂದಿಲ್ಲ ಅಂತ ಹೇಳಿ ಆಯ್ತಲ್ಲ" ಎಂದು ಮೆಲ್ಲಗೆ ಜೀಪು ಹತ್ತಿದರು. ಅವರಿಗೆ ಏನಾಯಿತೆಂದು ನನಗೆ ತಿಳಿಯಲಿಲ್ಲ. ನಮ್ಮ ಕೆಲಸದಲ್ಲಿ ಕಥೆಯ ಕೊನೆ ಕೇಳಲು ಸಿಗುವುದು ಅಪರೂಪ.

ಇಂದ್ರರು ಬಂದದ್ದೂ ಕರೆಂಟಿನ ಸುದ್ದಿ ಕೇಳಿಯೇ. ಬೆಳ್ತಂಗಡಿ ಕಡೆಯ ಒಂದು ಸಣ್ಣ ಬಸದಿಯಲ್ಲಿ ಪೂಜೆ ಮಾಡುವವರು. ಜೈನ ಪುರೋಹಿತರನ್ನು ನಮ್ಮಲ್ಲಿ ಇಂದ್ರರು ಎಂದೇ ಕರೆಯುವುದು, ಹೆಸರು ಹಿಡಿಯುವುದಿಲ್ಲ. ಎಪ್ಪತ್ತರ ಹತ್ತಿರದ ಪ್ರಾಯ, ಬಿಳಿ ಪಂಚೆ, ಪುಸ್ತಕ ಓದಿದ ಹಾಗೆ ನಿಧಾನದ ಕನ್ನಡ. ಸಕ್ಕರೆ ಕಾಯಿಲೆ. ಬಲಪಾದದಲ್ಲಿ ಸ್ಪರ್ಶವೇ ಇಲ್ಲ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಆಳವಾದ ಗುಳಿ. ಪಕ್ಕದ ಬೆರಳು ಕಪ್ಪಾಗುತ್ತಿತ್ತು. ಮಂಗಳೂರಿನ ಡಾಕ್ಟರರು ಎರಡು ಬೆರಳು ತೆಗೆಯಬೇಕು, ತಡಮಾಡಿದರೆ ಪಾದವೇ ಹೋದೀತು ಎಂದಿದ್ದರು. ಅವರು ಅಲ್ಲಿಂದ ನೇರ ನಮ್ಮಲ್ಲಿಗೆ ಬಂದಿದ್ದರು.

"ಒಸರುವ ಗಾಯ ಇಟ್ಟುಕೊಂಡು ಗರ್ಭಗುಡಿಗೆ ಹೋಗುವ ಹಾಗಿಲ್ಲ ನೋಡಿ," ಎಂದರು. "ತಮ್ಮನ ಮಗ ಪೂಜೆ ಮಾಡ್ತಾನೆ. ಅವನಿಗೆ ಬೇರೆ ಕೆಲಸ ಉಂಟು. ನಾನು ಹೊರಗೆ ಕುಳಿತುಕೊಳ್ಳುತ್ತೇನೆ. ಅಲ್ಲಿ ಕುಳಿತುಕೊಳ್ಳಲಿಕ್ಕೆ ನನಗೆ ಗೊತ್ತಿಲ್ಲ."

ಇನ್ನೊಂದು ಪ್ರಶ್ನೆಯನ್ನು ಸಂಕೋಚದಿಂದಲೇ ಕೇಳಿದರು. "ಈ ಕರೆಂಟಿನಿಂದ ಗಾಯದಲ್ಲಿರುವ ಕ್ರಿಮಿಗಳು ಸಾಯುತ್ತವಾ?"

ಮೈನಸ್ ಇಟ್ಟರೆ ಅವುಗಳ ಬೆಳವಣಿಗೆ ತಗ್ಗುತ್ತದೆ ಎನ್ನುತ್ತಾರೆ, ನನಗೆ ಖಚಿತವಿಲ್ಲ ಎಂದೆ.

ಅವರು ಸಣ್ಣಗೆ ನಕ್ಕರು. "ಜೀವಹಿಂಸೆ ಆಗ್ತದಾ ಅಂತ ಮಾತ್ರೆ ನುಂಗುವಾಗ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಪ್ರಾಯ ಆದ ಮೇಲೆ ಎಲ್ಲ ಲೆಕ್ಕ ತಪ್ಪುತ್ತದೆ."

ಗಾಯದ ಆಳ ತಿಳಿಯಲು ಲಿಲ್ಲಿ ಸಿಸ್ಟರ್ ತೆಳುವಾದ ಸಲಾಕೆಯನ್ನು ಗುಳಿಯೊಳಗೆ ಇಳಿಸಿದರು. ಏನೋ ಗಟ್ಟಿಯಾದದ್ದಕ್ಕೆ ತಾಗಿತು. ಅವರು ನನ್ನ ಮುಖ ನೋಡಿದರು. ತಾಗಿದ್ದು ಎಲುಬಾಗಿದ್ದರೆ, ಎಲುಬಿಗೂ ಸೋಂಕು ಇಳಿದಿದ್ದರೆ, ಮೇಲಿನಿಂದ ಗಾಯ ಮುಚ್ಚಿಸುವುದು ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಮಂಗಳೂರಿನ ಎಕ್ಸ್‌ರೇ ನೋಡಿದವರು ಎಲುಬು ತಿಂದಿದೆ ಎಂದಿದ್ದರು. ನಮ್ಮಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಸ್ಪಷ್ಟವಿರಲಿಲ್ಲ.

ಪ್ರಭು ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಎರಡು ವಾರ ಮಾಡಿ ನೋಡುವ ಶೆಟ್ರೆ. ಬೆರಳು ತೆಗೀಲಿಕ್ಕೆ ಯಾವಾಗ ಬೇಕಾದ್ರೂ ಆಗ್ತದೆ. ಅಂಟಿಸ್ಲಿಕ್ಕೆ ಆಗ್ತದಾ?"

"ಎಲುಬಿಗೆ ಹೋಗಿದ್ರೆ ಕರೆಂಟು ಕೊಡಬಾರ್ದು ಅಂತ ಉಂಟು ಸರ್."

"ಹೋಗಿದ್ರೆ ಅಲ್ವಾ? ಹೋಗಿದೆ ಅಂತ ನೀವು ಹೇಳ್ತೀರಾ?"

ಹೌದೆಂದು ನಾನು ಹೇಳಲಾರೆ. ಇಲ್ಲವೆಂದೂ ಹೇಳಲಾರೆ. ಪ್ರಭು ಡಾಕ್ಟರ ಮಾತಿನಲ್ಲಿ ನ್ಯಾಯವಿತ್ತು, ಮಂಗಳೂರಿನವರ ಮಾತಿನಲ್ಲೂ ಇತ್ತು. ನಾಳೆ ಬೆಳಿಗ್ಗೆ ಬನ್ನಿ, ಆಗ ಹೇಳುತ್ತೇನೆ ಎಂದು ಇಂದ್ರರನ್ನು ಕಳಿಸಿದೆ.

ಮರುದಿನ ನಾನು ಬರುವಷ್ಟರಲ್ಲಿ ಇಂದ್ರರು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಗುಲಾಬಿಯಕ್ಕ. ಕಾಲು ಸೆರಗಿನಿಂದ ಮುಚ್ಚಿಕೊಂಡಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತು, ಅಳುವಿಗೆ ಹತ್ತಿರವಾದ ದನಿಯಲ್ಲಿ ಹೇಳಿದರು:

"ಡಾಕ್ಟ್ರೆ, ನೀವು ಹಾಕಿದ ಕರೆಂಟು ಮುಗೀತು ಕಾಣ್ತದೆ. ಗಾಯ ಪುನಃ ಬಾಯಿ ಬಿಟ್ಟಿದೆ. ಇನ್ನೊಮ್ಮೆ ಚಾರ್ಜ್ ಮಾಡಿ."

ಬೆಂಚಿನಲ್ಲಿದ್ದವರೆಲ್ಲ ಆ ಕಾಲನ್ನು ನೋಡಿದರು. ಗಾಯ ಅದೇ ಜಾಗದಲ್ಲಿ ಮತ್ತೆ ಒಡೆದಿತ್ತು, ಮೊದಲಿನಷ್ಟು ದೊಡ್ಡದಲ್ಲ. ಬಿಗಿ ಪಟ್ಟಿ ಹಾಕುವುದನ್ನು ಅವರು ಬೇಸಿಗೆಯ ಸೆಕೆಗೆ ಬಿಟ್ಟಿದ್ದರು, ಮತ್ತೆ ಹೊತ್ತುಗಟ್ಟಲೆ ಬೀಡಿ ಕಟ್ಟಲು ಕೂತಿದ್ದರು. ರಕ್ತನಾಳದ ಆಪರೇಷನ್ನಿಗೆ ಹೋಗಿ ಎಂದದ್ದಕ್ಕೆ ಹೋಗಿರಲಿಲ್ಲ. ಇದರಲ್ಲಿ ಯಾವುದು ಕಾರಣ? ಎಲ್ಲವೂ ಇರಬಹುದು.

ಇಂದ್ರರು ಗುಲಾಬಿಯಕ್ಕನ ಕಾಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಸಿದ್ಧಕಟ್ಟೆಯವರು ಅಂದರೆ ಇವರೇನಾ?"

"ಹೌದು."

"ಇವರಿಗೆ ಮೊದಲು ಗುಣ ಆದದ್ದು ಕರೆಂಟಿನಿಂದಲಾ?"

ಇಡೀ ಬೆಂಚು ನನ್ನ ಉತ್ತರಕ್ಕೆ ಕಾದಿತ್ತು. ಪ್ರಭು ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು.

"ನನಗೆ ಗೊತ್ತಿಲ್ಲ," ಎಂದೆ. "ಕರೆಂಟು ಕೊಟ್ಟಾಗ ಗುಣ ಆಯಿತು. ಅದೇ ವೇಳೆಗೆ ಪಟ್ಟಿ ಕಟ್ಟಿದೆವು, ಕೆತ್ತಿ ತೆಗೆದೆವು, ಅವರು ಕಾಲೆತ್ತಿ ಮಲಗಿದರು. ಸಹಾಯ ಆಗಿರಬಹುದು ಅಂತ ನನಗೆ ಅನ್ನಿಸ್ತದೆ. ಆದರೆ ಅದರ ಮೇಲೆ ನಿಮ್ಮ ಪಾದ ಪಣ ಇಡಬೇಡಿ ಇಂದ್ರರೆ. ಒಳಗೆ ಎಲುಬಿಗೆ ತಾಗಿದ ಹಾಗೆ ಉಂಟು. ಮಂಗಳೂರಿಗೆ ಹೋಗಿ."

"ಗೊತ್ತಿಲ್ಲದಿದ್ದರೆ ಇಷ್ಟು ಜನರಿಗೆ ಯಾಕೆ ಕೊಡುತ್ತೀರಿ?"

ಅವರ ದನಿ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೊಡೆ ಊರಿಕೊಂಡು ಎದ್ದು ಹೊರಟರು. ಗುಲಾಬಿಯಕ್ಕನಿಗೆ ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದಿತ್ತು. "ಗೊತ್ತುಂಟು ಅಂತ ಹೇಳಿದ್ರೆ ನಿಮಗೆ ಎಂತ ಹೋಗ್ತಿತ್ತು? ಪಾಪ, ಆ ಮನುಷ್ಯ ಆಸೆಯಲ್ಲಿ ಬಂದದ್ದು!"

ಪ್ರಭು ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ರೋಗಿಗಳ ಎದುರಲ್ಲಿ ಗೊತ್ತಿಲ್ಲ ಎನ್ನುವುದು ಯಾವ ವೈದ್ಯಕೀಯ ಎಂದು ಕೇಳಿದರು. ಚೆನ್ನಾಗಿ ಬೈದರು. ಕೊನೆಗೆ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ಎಲುಬು ಹೌದಾ ಶೆಟ್ರೆ? ಲಿಲ್ಲಿಯೂ ಹಾಗೇ ಹೇಳಿದ್ಲು" ಎಂದು ಫೋನು ತೆಗೆದುಕೊಂಡರು. ಮಂಗಳೂರಿನ ಡಾಕ್ಟರರಿಗೆ ಅವರೇ ಮಾತಾಡಿ, ಇಂದ್ರರು ಬಂದರೆ ಕಾಯಿಸಬೇಡಿ ಎಂದರು. ನನಗಿಂತ ಹಿರಿಯರಾದ ಮನುಷ್ಯ ಐದು ನಿಮಿಷದಲ್ಲಿ ಬೈಗುಳದಿಂದ ಸಹಾಯಕ್ಕೆ ಹೇಗೆ ಹೊರಳಿದರು ಎಂಬುದೂ ನನಗೆ ಅರ್ಥವಾಗದೆ ಉಳಿದಿದೆ.

ಇಂದ್ರರು ಹೋದರೋ ಇಲ್ಲವೋ ಗೊತ್ತಾಗಲಿಲ್ಲ. ಬೆಳ್ತಂಗಡಿಗೆ ಹೋದಾಗಲೆಲ್ಲ ಯಾರಲ್ಲಾದರೂ ಕೇಳುವ ಎನಿಸುತ್ತಿತ್ತು. ಕೇಳಲು ಹೆದರಿಕೆ. ನಾನು ಕಳಿಸಿಕೊಟ್ಟು ಅವರು ಹೋಗದೆ ಮನೆಯಲ್ಲೇ ಕೂತಿದ್ದರೆ? ಹೋಗಿ, ಎಲುಬಿಗೆ ಏನೂ ಆಗಿರದೆ, ಸುಮ್ಮನೆ ಬೆರಳು ಹೋಗಿದ್ದರೆ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಊಟದ ಹೊತ್ತಿನಲ್ಲೂ ಯೋಚಿಸುತ್ತಿದ್ದೆ.

ಗುಲಾಬಿಯಕ್ಕನಿಗೆ ಮತ್ತೆ ಕರೆಂಟು ಕೊಟ್ಟೆವು, ಮತ್ತೆ ಪಟ್ಟಿ ಕಟ್ಟಿದೆವು, ಈ ಸಲ ಆಪರೇಷನ್ನಿಗೂ ಒಪ್ಪಿಸಿದೆವು. ಗಾಯ ಸಣ್ಣದಾಯಿತು, ಪೂರ್ತಿ ಮುಚ್ಚಲಿಲ್ಲ. ಈಗಲೂ ಒಂದು ಬಟಾಣಿಯಷ್ಟು ಉಂಟು. ಮೊದಲ ಸಲ ಅಷ್ಟು ಚೆನ್ನಾಗಿ ಮಾಯ್ದದ್ದು, ಕಾರಣವನ್ನೇ ಸರಿಪಡಿಸಿದ ಮೇಲೆ ಯಾಕೆ ಮಾಯುವುದಿಲ್ಲ ಎಂದು ನನ್ನನ್ನು ಕೇಳಬೇಡಿ. ಅವರು ವಾಸನೆಯಿಲ್ಲ ಎಂದು ಸಮಾಧಾನಪಟ್ಟುಕೊಂಡು ಮೊಮ್ಮಗಳ ಕೈ ಹಿಡಿದುಕೊಂಡು ಮದುವೆಗಳಿಗೆ ಹೋಗುತ್ತಾರೆ.

ಸಾಕಷ್ಟು ಕಾಲದ ಮೇಲೆ, ಬೆಳ್ತಂಗಡಿಯ ಕ್ಲಿನಿಕ್ಕಿಗೆ ಇಂದ್ರರು ಬಂದರು. ತಮ್ಮನ ಮಗ ತೋಳು ಹಿಡಿದಿದ್ದ. ಎರಡು ಬೆರಳು ಇರಲಿಲ್ಲ. ಪಾದ ಉಳಿದಿತ್ತು. ತೆಗೆದ ಎಲುಬಿನಲ್ಲಿ ಸೋಂಕು ಇತ್ತಂತೆ, ಇನ್ನೂ ಕಾದಿದ್ದರೆ ಮೇಲಕ್ಕೆ ಹೋಗುತ್ತಿತ್ತಂತೆ. ನಾನು ಕುರ್ಚಿಯಲ್ಲಿ ಕೂತೆ. ಪಾದದ ಪಟ್ಟಿ ಬಿಚ್ಚಿ ನೋಡಿದೆ. ಆದರೆ ಆಪರೇಷನ್ ಆದ ಜಾಗ ಕೂಡಿಕೊಳ್ಳದೆ ಬಿರಿದಿತ್ತು. ಒಳಗೆ ಸೋಂಕಿಲ್ಲ, ರಕ್ತ ಬರುತ್ತದೆ, ಆದರೂ ಮಾಯುತ್ತಿಲ್ಲ.

"ಕರೆಂಟು ಕೊಡಿ," ಎಂದರು.

"ಇಂದ್ರರೆ, ಅವತ್ತು ನಾನು ಹೇಳಿದ್ದು..."

"ನೆನಪುಂಟು. ನಿಮಗೆ ಗೊತ್ತಿಲ್ಲ. ಆವಾಗ ನನಗೆ ಬೆರಳು ಉಳಿಸುವ ಅವಸರ. ಈಗ ಬೆರಳೇ ಇಲ್ಲ. ನಿಧಾನದಲ್ಲಿ ಮಾಡಿ ನೋಡುವ."

ಸ್ಪರ್ಶವಿಲ್ಲದ ಪಾದಕ್ಕೆ ಪ್ರಮಾಣ ನಿರ್ಧರಿಸುವುದೇ ಕಷ್ಟ. ರೋಗಿ 'ಸಾಕು' ಎನ್ನಲಾರ, ಚರ್ಮ ಸುಟ್ಟರೂ ತಿಳಿಯದು. ಮೊದಲು ಅವರ ಮುಂಗೈಗೆ ಕೊಟ್ಟು, ಇರುವೆ ಹರಿದಂತಾಯಿತು ಎಂದಾಗ ಗುಂಡಿ ನಿಲ್ಲಿಸಿ, ಅದಕ್ಕಿಂತ ಕಡಿಮೆಯಿಟ್ಟು ಪಾದಕ್ಕೆ ಕೊಟ್ಟೆ. ಕೊಡುವಾಗಲೆಲ್ಲ ಪಟ್ಟಿ ಎತ್ತಿ ಚರ್ಮ ನೋಡಿದೆ. ಬರಿಗಾಲಲ್ಲಿ ನಡೆಯಲೇಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಬಸದಿಯೊಳಗೆ ಪಾದರಕ್ಷೆ ಇಲ್ಲ, ಹೊರಗೆ ನಿಂತರೂ ಕಲ್ಲು. ಕೊನೆಗೆ ಮೆದು ಸ್ಪಂಜಿನ ಅಟ್ಟೆಗೆ ಬಿಳಿ ಹತ್ತಿಬಟ್ಟೆ ಹೊಲಿಸಿ, ದಿನಾ ಒಗೆಯುವಂತೆ, ಬಸದಿಯ ಅಂಗಳ ಮತ್ತು ಮಂಟಪಕ್ಕೆ ಮಾತ್ರ ಒಂದು ಜೊತೆ ಮಾಡಿಸಿದೆವು. ಬಸದಿಯ ಹಿರಿಯರೊಬ್ಬರು "ಚಪ್ಪಲಿ ಅಂದ್ರೆ ಚಪ್ಪಲಿಯೇ" ಎಂದು ಆಕ್ಷೇಪಿಸಿದರಂತೆ. ಇಂದ್ರರು "ಇಷ್ಟು ದಿನ ಕಾಲಿಗೆ ಬಟ್ಟೆ ಸುತ್ತಿ ಬಂದೆ, ಬಿಚ್ಚಿ ಬನ್ನಿ ಅಂತ ಯಾರೂ ಹೇಳಲಿಲ್ಲ. ಇದೂ ಬ್ಯಾಂಡೇಜೇ. ಸ್ವಲ್ಪ ದಪ್ಪ" ಎಂದರಂತೆ.

ಗಾಯ ಮುಚ್ಚಿತು. ಕರೆಂಟೋ, ಸ್ಪಂಜೋ, ಸಕ್ಕರೆ ಹಿಡಿತಕ್ಕೆ ಬಂದದ್ದೋ, ಒಳಗಿನ ಕೆಟ್ಟ ಎಲುಬು ಹೋದದ್ದೋ, ಅದರಷ್ಟಕ್ಕೆ ಹೊತ್ತು ಬಂದದ್ದೋ.

ಅವರು ಹೇಳಿ ಕಳಿಸಿದ ಒಂದು ಬೆಳಿಗ್ಗೆ ನಾನು ಬಸದಿಗೆ ಹೋದೆ. ಮೆಟ್ಟಿಲಲ್ಲಿ ಕೂತಿದ್ದ ಇಬ್ಬರಿಗೆ ಇಂದ್ರರು ನನ್ನನ್ನು ತೋರಿಸಿ, "ನನ್ನ ಕಾಲು ಗುಣ ಮಾಡಿದವರು ಇವರೇ" ಎಂದರು.

"ಹಾಗೆ ಹೇಳಲಿಕ್ಕಾಗೂದಿಲ್ಲ," ಎಂದೆ. "ಮಂಗಳೂರಿನವರು ಆಪರೇಷನ್ ಮಾಡಿದ್ದು, ಆಮೇಲೆ..."

"ಸುಮ್ಮನಿರಿ ಮಾರಾಯ್ರೆ," ಎಂದು ಅವರು ನಕ್ಕರು. "ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳಬಾರದು ಅಂತ ಉಂಟಾ?"

ಆಮೇಲೆ ಗೋಡೆಗೆ ಕೈಯೂರಿಕೊಂಡು ಬಸದಿಗೆ ಒಂದು ಸುತ್ತು ಬಂದರು. ನಾನು ಹಿಂದೆಯೇ ನಡೆದೆ. ಕಣ್ಣು ಕಲ್ಲಿನ ಮೇಲೆ, ಅವರ ಹೆಜ್ಜೆ ಎತ್ತಿದ ಜಾಗದ ಮೇಲೆ. ಸುತ್ತು ಮುಗಿದ ಮೇಲೆ ಅವರು ಜಗಲಿಯಲ್ಲಿ ಕೂತು, ಬಟ್ಟೆಯ ಪಾದರಕ್ಷೆ ಕಳಚಿ, ಅಂಗಾಲನ್ನು ನನ್ನ ಕಡೆ ತಿರುಗಿಸಿದರು. ಅವರಿಗೆ ಅಲ್ಲಿ ನೋವು ತಿಳಿಯುವುದಿಲ್ಲ, ಬಗ್ಗಿ ನೋಡಲು ಸೊಂಟ ಬಿಡುವುದಿಲ್ಲ. ನೋಡಿ ಹೇಳಲು ಇನ್ನೊಬ್ಬರ ಕಣ್ಣೇ ಬೇಕು.

"ಸರಿಯಾಗಿ ನೋಡಿ. ಒಸರು ಉಂಟಾ?"

ನಾನು ಮಂಡಿಯೂರಿ, ಪಾದವನ್ನು ಕೈಯಲ್ಲಿ ಹಿಡಿದು, ಹೊಸ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದೆ. ಪಾದರಕ್ಷೆಯ ಬಟ್ಟೆಯನ್ನೂ ಬಿಸಿಲಿಗೆ ಹಿಡಿದೆ. ಧೂಳು ಬಿಟ್ಟರೆ ಬೇರೆ ಕಲೆಯಿರಲಿಲ್ಲ.

"ಇಲ್ಲ," ಎಂದೆ.

"ಖಂಡಿತವಾ?"

"ಖಂಡಿತ."

ಅವರು ತಮ್ಮನ ಮಗನ ಕೈಯಿಂದ ನೀರಿನ ತಂಬಿಗೆ ತೆಗೆದುಕೊಂಡರು. ಕಾಲು ತೊಳೆದು, ಒರೆಸಿ, ಅವನು ಹಾಸಿಕೊಟ್ಟ ಮಡಿಬಟ್ಟೆಯ ಮೇಲೆ ಮೆಲ್ಲಗೆ ಹೆಜ್ಜೆಯಿಟ್ಟು ಪೂಜೆಗೆ ಒಳಗೆ ಹೋದರು.